ಸ್ಪ್ಯಾನಿಷ್ ಕಲಿಯಲು ಮೊದಲ ಸಲ ಹೊರದೇಶಕ್ಕೆ ಹೊರಟವರಿಗೆ ಒಂದು ಮಾರ್ಗದರ್ಶಿ

ಸ್ಪ್ಯಾನಿಷ್ ಮಾತನಾಡುವ ನಾಡಿನಲ್ಲೇ ಕೆಲವು ವಾರ ಅಥವಾ ತಿಂಗಳು ಇದ್ದು ಆ ಭಾಷೆಯನ್ನು ಕಲಿಯುವ ಇಮರ್ಷನ್ ಕೋರ್ಸುಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯಾವ ದೇಶ ಒಳ್ಳೆಯದು, ಎಷ್ಟು ವಾರ ಸಾಕು, ವೀಸಾ ಯಾವುದು, ಕುಟುಂಬವೊಂದರ ಮನೆಯಲ್ಲಿ ಇರಬೇಕೋ ವಿದ್ಯಾರ್ಥಿ ನಿಲಯದಲ್ಲೋ? ಇವಕ್ಕೆ ಕೆಳಗೆ ಹಂತ ಹಂತವಾಗಿ ಉತ್ತರಿಸಿದ್ದೇನೆ. ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಕೇಳುವುದೇ ಇಲ್ಲ: ತರಗತಿ ಮುಗಿದ ಮೇಲೆ ಉಳಿಯುವ ಅಷ್ಟೂ ಹೊತ್ತು ನೀವು ಯಾವ ಭಾಷೆಯಲ್ಲಿ ಬದುಕುತ್ತೀರಿ?

ಇಮರ್ಷನ್ ಎಂದರೆ ಪಾಠ, ಊಟ, ವ್ಯಾಪಾರ, ಜಗಳ, ಹರಟೆ ಎಲ್ಲವೂ ಕಲಿಯಬೇಕಾದ ಭಾಷೆಯಲ್ಲೇ ನಡೆಯುವಂತೆ ಮಾಡಿಕೊಂಡು ಅದರಲ್ಲಿ ಮುಳುಗಿ ಕಲಿಯುವ ಕ್ರಮ. ಇದು ಶುಲ್ಕ ಕಟ್ಟಿದ ಮಾತ್ರಕ್ಕೆ ಒದಗುವುದಿಲ್ಲ. ದಿನಕ್ಕೆ ನಾಲ್ಕು ಗಂಟೆ ತರಗತಿಯಲ್ಲಿ ಸ್ಪ್ಯಾನಿಷ್ ಕೇಳಿ, ಮಿಕ್ಕ ಹತ್ತು ಗಂಟೆಯನ್ನು ಸಹಪಾಠಿಗಳ ಜೊತೆ ಇಂಗ್ಲಿಷಿನಲ್ಲಿ ಕಳೆಯುವುದಾದರೆ ಅಷ್ಟು ದೂರ ಹೋಗುವ ಅಗತ್ಯವೇ ಇರಲಿಲ್ಲ. ಆದ್ದರಿಂದ ಊರು, ಶಾಲೆ, ವಸತಿ ಯಾವುದನ್ನು ಆರಿಸುವಾಗಲೂ ಇದೊಂದೇ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಳ್ಳಿ.

ಹಂತ 1: ಹೊರಡುವ ಮೊದಲೇ ತಳಪಾಯ ಹಾಕಿಕೊಳ್ಳಿ

ಭಾಷಾ ಮಟ್ಟಗಳನ್ನು ಯುರೋಪಿನ ಸಮಾನ ಚೌಕಟ್ಟಿನ ಪ್ರಕಾರ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರಾಗಿ ವಿಂಗಡಿಸುತ್ತಾರೆ. ಎ1 ಎಂದರೆ ಹೆಸರು, ಊರು, ಬೆಲೆ, ಸಮಯ ಹೇಳಿ ಕೇಳುವಷ್ಟು. ಎ2 ಎಂದರೆ ದಿನನಿತ್ಯದ ಕೆಲಸಗಳನ್ನು ತಡವರಿಸುತ್ತಲಾದರೂ ನಿಭಾಯಿಸುವಷ್ಟು. ಬಿ1 ಎಂದರೆ ಅನಿರೀಕ್ಷಿತ ಸನ್ನಿವೇಶದಲ್ಲೂ ಮಾತು ಮುಂದುವರಿಸುವಷ್ಟು. ಏನೂ ಗೊತ್ತಿಲ್ಲದೆ ಹೋದರೂ ಕಲಿಯಬಹುದು ಎಂದು ಶಾಲೆಗಳು ಹೇಳುತ್ತವೆ, ಅದು ಸುಳ್ಳೇನೂ ಅಲ್ಲ. ಆದರೆ ವರ್ಣಮಾಲೆ, ಸಂಖ್ಯೆ, ವರ್ತಮಾನಕಾಲದ ಕ್ರಿಯಾರೂಪಗಳು ಇಂಥವನ್ನು ಕಲಿಯಲು ಮೊದಲ ಎರಡು ವಾರ ಖರ್ಚು ಮಾಡುವುದು ದುಬಾರಿ ಬಾಬತ್ತು, ಏಕೆಂದರೆ ಅವನ್ನು ಮನೆಯಲ್ಲೇ ಕುಳಿತು ಕಲಿಯಲು ಬರುತ್ತದೆ. ನನ್ನ ಸಲಹೆ ಕನಿಷ್ಠ ಎ1 ಮುಗಿಸಿ, ಸಾಧ್ಯವಾದರೆ ಎ2ರ ಅರ್ಧದಲ್ಲಿದ್ದಾಗ ಹೊರಡುವುದು. ಆಗ ಮನೆಯೊಡತಿ ಆಡಿದ ಮಾತಿನಲ್ಲಿ ಅರ್ಧವಾದರೂ ಕಿವಿಗೆ ಹಿಡಿಯುತ್ತದೆ, ಇನ್ನರ್ಧವನ್ನು ಊಹಿಸುವ ಧೈರ್ಯ ಬರುತ್ತದೆ.

ಎಷ್ಟು ವಾರ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯು ಇಂಗ್ಲಿಷ್ ಮಾತೃಭಾಷೆಯವರು ವೃತ್ತಿಗೆ ಬೇಕಾದಷ್ಟು ಸ್ಪ್ಯಾನಿಷ್ ಗಳಿಸಲು ಸುಮಾರು 600ರಿಂದ 750 ತರಗತಿ ಗಂಟೆಗಳು ಬೇಕೆಂದು ಅಂದಾಜಿಸುತ್ತದೆ. ವಾರಕ್ಕೆ 20 ಗಂಟೆಯಂತೆ ನಾಲ್ಕು ವಾರಕ್ಕೆ ಸಿಗುವುದು 80 ಗಂಟೆ. ಒಂದು ತಿಂಗಳಲ್ಲಿ ನಿರರ್ಗಳವಾಗಿ ಮಾತನಾಡುವಿರಿ ಎನ್ನುವ ಜಾಹೀರಾತನ್ನು ಈ ಎರಡು ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ವಾರದಲ್ಲಿ ಕಿವಿ ತೆರೆಯುತ್ತದೆ, ನಾಲಿಗೆಯ ಸಂಕೋಚ ಬಿಡುತ್ತದೆ. ಮಟ್ಟ ಸ್ಪಷ್ಟವಾಗಿ ಒಂದು ಮೆಟ್ಟಿಲು ಏರಬೇಕಾದರೆ ಎಂಟರಿಂದ ಹನ್ನೆರಡು ವಾರ ಇಟ್ಟುಕೊಳ್ಳುವುದು ವಾಸ್ತವಕ್ಕೆ ಹತ್ತಿರ.

ತಯಾರಿಯ ಬಗ್ಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸ್ಪ್ಯಾನಿಷನ್ನು ಇಂಗ್ಲಿಷಿನ ಬಾಗಿಲಿನಿಂದ ಪ್ರವೇಶಿಸಬೇಡಿ, ಕನ್ನಡದ ಬಾಗಿಲು ಇನ್ನೂ ಅಗಲವಾಗಿದೆ. ಇಂಗ್ಲಿಷ್ ಪಠ್ಯಗಳು ಪುಟಗಟ್ಟಲೆ ವಿವರಿಸುವ 'ಮೆ ಗುಸ್ತಾ' ಎಂಬ ರಚನೆ ನಮ್ಮ 'ನನಗೆ ಇಷ್ಟ' ಎಂಬುದರ ಅಚ್ಚು. 'ಮೆ ಪರೆಸೆ' ಎಂದರೆ 'ನನಗೆ ಅನ್ನಿಸುತ್ತದೆ', 'ಮೆ ಫಾಲ್ತಾ ತಿಯೆಂಪೊ' ಎಂದರೆ 'ನನಗೆ ಸಮಯ ಸಾಲದು'. 'ಬಂದೆ' ಎಂದರೆ ಸಾಕು, 'ನಾನು' ಎನ್ನಬೇಕಿಲ್ಲ. ಅವರಲ್ಲೂ ಕ್ರಿಯಾಪದದ ಕೊನೆಯೇ ಯಾರೆಂಬುದನ್ನು ಹೇಳಿಬಿಡುತ್ತದೆ. 'ತು' ಮತ್ತು 'ಉಸ್ತೆದ್' ನಡುವಿನ ವ್ಯತ್ಯಾಸ ನೀನು, ನೀವು ಬಲ್ಲವರಿಗೆ ಹೊಸದಲ್ಲ. ಸ್ಪ್ಯಾನಿಷಿನ ಐದು ಸ್ವರಗಳು ಅ, ಇ, ಉ, ಎ, ಒಗಳಿಗೆ ತೀರ ಹತ್ತಿರ. ಅದರ ತ ಮತ್ತು ದ ಹಲ್ಲಿಗೆ ತಾಗುವ ನಮ್ಮ ತ, ದಗಳೇ ಹೊರತು ಇಂಗ್ಲಿಷಿನ ಮೂಲಕ ರೂಢಿಯಾದ ಟ, ಡಗಳಲ್ಲ. 'ತೊಮಾತೆ' ಎನ್ನಬೇಕಾದಲ್ಲಿ 'ಟೊಮಾಟೆ' ಎಂದು ಅಭ್ಯಾಸ ಮಾಡಿಕೊಂಡರೆ ಅದನ್ನು ಬಿಡಿಸುವುದಕ್ಕೇ ಶಿಕ್ಷಕರಿಗೆ ಒಂದು ವಾರ ಬೇಕು.

ಕಷ್ಟವಾಗುವ ಕಡೆಗಳೂ ಇವೆ. 'ಪೆರೊ' ಎಂದರೆ 'ಆದರೆ'. ಅದೇ ಪದದ ರಕಾರವನ್ನು ನಾಲಿಗೆಯ ತುದಿ ಹಲವು ಬಾರಿ ಬಡಿಯುವಂತೆ ಉರುಳಿಸಿದರೆ 'ನಾಯಿ' ಎಂದಾಗುತ್ತದೆ. ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು, ಅವುಗಳಲ್ಲಿ ಒಂದಾದ ಶಕಟರೇಫ (ಱ) ಬಳಕೆ ತಪ್ಪಿತು. ಇಲ್ಲಿ ಅದರ ನೆನಪಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಲಿಂಗದ್ದು. ಕನ್ನಡದಲ್ಲಿ ಅರ್ಥವೇ ಲಿಂಗವನ್ನು ನಿರ್ಧರಿಸುತ್ತದೆ, ಮೇಜು ಪುಸ್ತಕಗಳೆಲ್ಲ ನಪುಂಸಕ. ಸ್ಪ್ಯಾನಿಷಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ಕೈ ಸ್ತ್ರೀಲಿಂಗ, ಸಮಸ್ಯೆ ಪುಲ್ಲಿಂಗ. ತರ್ಕ ಹುಡುಕುವುದನ್ನು ಬಿಟ್ಟು 'ಲಾ ಮೆಸಾ', 'ಎಲ್ ಲಿಬ್ರೊ', 'ಲಾ ಮಾನೊ', 'ಎಲ್ ಪ್ರೊಬ್ಲೆಮಾ' ಎಂದು ಮೊದಲ ದಿನದಿಂದಲೇ ಜೋಡಿಯಾಗಿ ಬಾಯಿಪಾಠ ಮಾಡಿ. 'ನನಗೆ ಹಸಿವಾಗಿದೆ' ಎಂಬುದನ್ನು ಮಾತ್ರ 'ಮೆ' ಹಾಕಿ ಹೇಳಬೇಡಿ. ಅಲ್ಲಿ ಅವರು 'ತೆಂಗೊ ಆಂಬ್ರೆ', ಅಂದರೆ 'ಹಸಿವನ್ನು ಹೊಂದಿದ್ದೇನೆ' ಎನ್ನುತ್ತಾರೆ.

ಹಂತ 2: ದೇಶ ಮತ್ತು ಊರನ್ನು ಆರಿಸುವುದು

'ಶುದ್ಧ' ಸ್ಪ್ಯಾನಿಷ್ ಎಲ್ಲಿ ಸಿಗುತ್ತದೆ ಎಂದು ಹುಡುಕಬೇಡಿ. ಮುಂದೆ ಯಾರ ಜೊತೆ ಮಾತನಾಡುವ ಉದ್ದೇಶವಿದೆಯೋ ಅವರ ನುಡಿಗೆ ಹತ್ತಿರದ ಊರನ್ನು ಹುಡುಕಿ. ಸ್ಪೇನಿನಲ್ಲಿ 'ನೀವುಗಳು' ಎನ್ನಲು ಆಪ್ತರ ನಡುವೆ 'ವೊಸೊತ್ರೊಸ್' ಬಳಸುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ಎಲ್ಲರಿಗೂ 'ಉಸ್ತೆದೆಸ್'. ಅರ್ಜೆಂಟೀನಾ, ಉರುಗ್ವೆಗಳಲ್ಲಿ 'ತು' ಬದಲು 'ವೊಸ್' ಮತ್ತು ಅದಕ್ಕೆ ಬೇರೆಯೇ ಕ್ರಿಯಾರೂಪ. ಸ್ಪೇನಿನಲ್ಲಿ ಬಸ್ಸು ಹಿಡಿಯುವುದಕ್ಕೆ ದಿನವೂ ಬಳಸುವ 'ಕೊಹೆರ್' ಎಂಬ ಕ್ರಿಯಾಪದ ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅಶ್ಲೀಲ. 'ತೊಮಾರ್' ಎಂದರೆ ಎಲ್ಲ ಕಡೆಯೂ ಸುರಕ್ಷಿತ. ಇವೆಲ್ಲ ಒಂದೇ ಭಾಷೆಯ ಪ್ರಾದೇಶಿಕ ಭೇದಗಳು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ವ್ಯರ್ಥವಾಗುವುದಿಲ್ಲ.

ಸ್ಪೇನಿನಲ್ಲಿ ಸಾಲಮಾಂಕಾ ನಗರವು 1218ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯದ ಸುತ್ತ ಬೆಳೆದ ವಿದ್ಯಾರ್ಥಿ ಪಟ್ಟಣ; ಉಚ್ಚಾರ ಸ್ಪಷ್ಟ, ಊರೆಲ್ಲ ನಡೆದೇ ತಿರುಗಬಹುದು, ಆದರೆ ಬೇಸಿಗೆಯಲ್ಲಿ ಅಲ್ಲಿ ಭಾಷೆ ಕಲಿಯಲು ಬಂದ ಪರದೇಶದವರೇ ತುಂಬಿರುತ್ತಾರೆ. ಗ್ರಾನಾದಾ, ಸೆವಿಯಾಗಳಿರುವ ಆಂದಲೂಸಿಯಾ ಪ್ರಾಂತ್ಯದಲ್ಲಿ ಪದಾಂತ್ಯದ ಸಕಾರವನ್ನು ನುಂಗಿ ವೇಗವಾಗಿ ಮಾತನಾಡುತ್ತಾರೆ. ಮೊದಲ ವಾರ ತಬ್ಬಿಬ್ಬಾದರೂ ಅಲ್ಲಿ ಪಳಗಿದ ಕಿವಿ ಬೇರೆಲ್ಲೂ ಸೋಲುವುದಿಲ್ಲ. ಬಾರ್ಸಿಲೋನಾ ಆಕರ್ಷಕ ನಗರ ನಿಜ, ಆದರೆ ಅಲ್ಲಿ ಕತಲಾನ್ ಭಾಷೆಯೂ ಅಧಿಕೃತ. ಫಲಕಗಳಲ್ಲಿ, ವಿಶ್ವವಿದ್ಯಾಲಯದ ಪಾಠಗಳಲ್ಲಿ, ನೆರೆಹೊರೆಯ ಮಾತಿನಲ್ಲಿ ಅದೇ ಎದುರಾಗಬಹುದು. ವಲೆನ್ಸಿಯಾ, ಗಲೀಸಿಯಾ, ಬಾಸ್ಕ್ ನಾಡುಗಳಲ್ಲೂ ಅಲ್ಲಲ್ಲಿನ ಭಾಷೆಗಳಿಗೆ ಅದೇ ಸ್ಥಾನವಿದೆ. ನಿಮಗೆ ಇರುವುದು ಆರೇ ವಾರವಾದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಗ್ವಾಟೆಮಾಲಾದ ಆಂತಿಗ್ವಾ ಮತ್ತು ಕೆತ್ಸಾಲ್ತೆನಾಂಗೊ ನಗರಗಳು ಒಬ್ಬ ಶಿಕ್ಷಕರಿಗೆ ಒಬ್ಬನೇ ವಿದ್ಯಾರ್ಥಿ ಎಂಬ ಪದ್ಧತಿಗೆ ಹೆಸರಾದವು. ಎದುರಿಗೆ ಕುಳಿತು ದಿನಕ್ಕೆ ನಾಲ್ಕೈದು ಗಂಟೆ ಬರೀ ಮಾತು. ಅಡಗಿಕೊಳ್ಳಲು ಹಿಂದಿನ ಬೆಂಚು ಎಂಬುದೇ ಇಲ್ಲ. ಮೊದಲ ಸಲ ಹೋಗುವ ನಾಚಿಕೆ ಸ್ವಭಾವದವರಿಗೆ ನಾನು ಇದನ್ನೇ ಮೊದಲು ಸೂಚಿಸುತ್ತೇನೆ. ಎರಡರಲ್ಲಿ ಆಂತಿಗ್ವಾ ಪ್ರವಾಸಿಗರ ಊರು, ಆದ್ದರಿಂದ ಇಂಗ್ಲಿಷ್ ಸುಲಭವಾಗಿ ಸಿಗುತ್ತದೆ. ಸ್ಥಳೀಯರು 'ಶೆಲಾ' ಎಂದು ಕರೆಯುವ ಕೆತ್ಸಾಲ್ತೆನಾಂಗೊದಲ್ಲಿ ಅಷ್ಟು ಸುಲಭವಲ್ಲ, ಅದೇ ಅದರ ಗುಣ. ಮೆಕ್ಸಿಕೊದ ವಾಹಾಕಾ, ಗ್ವನಹ್ವಾತೊ ನಗರಗಳಲ್ಲೂ ಶಾಲೆಗಳಿವೆ. ಎಕ್ವಡಾರಿನ ರಾಜಧಾನಿ ಕೀತೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್, ಪೆರುವಿನ ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿವೆ. ಅಲ್ಲಿಗೆ ಹೋಗುವವರು ತರಗತಿಯ ಮುಂಚೆ ಎರಡು ಮೂರು ದಿನ ವಿಶ್ರಾಂತಿಗೆ ಇಟ್ಟುಕೊಳ್ಳದಿದ್ದರೆ ಮೊದಲ ವಾರ ತಲೆನೋವಿನಲ್ಲೇ ಕಳೆದುಹೋಗಬಹುದು.

ತಿಂಗಳನ್ನೂ ನೋಡಿ. ಆಗಸ್ಟ್‌ನಲ್ಲಿ ಸ್ಪೇನಿನ ಒಳನಾಡಿನ ನಗರಗಳು ಬಿಸಿಲಿಗೆ ಖಾಲಿಯಾಗುತ್ತವೆ, ಮಾತನಾಡಿಸಬೇಕಾದ ಸ್ಥಳೀಯರೇ ಕಡಲತೀರಕ್ಕೆ ಹೋಗಿರುತ್ತಾರೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ, ಅಂದರೆ 'ಸೆಮಾನಾ ಸಾಂತಾ', ಸೆವಿಯಾ ಮತ್ತು ಆಂತಿಗ್ವಾಗಳಲ್ಲಿ ನೋಡಬೇಕಾದ ಉತ್ಸವ; ಆದರೆ ಆಗ ಕೋಣೆ ಸಿಗುವುದು ಕಷ್ಟ, ಶಾಲೆಗಳಿಗೆ ರಜೆ ಇರುತ್ತದೆ.

ಹಂತ 3: ಶಾಲೆಯನ್ನು ಪರೀಕ್ಷಿಸುವುದು

ಸ್ಪೇನ್ ಸರ್ಕಾರ ಸ್ಪ್ಯಾನಿಷ್ ಭಾಷೆಯ ಪ್ರಸಾರಕ್ಕಾಗಿ 1991ರಲ್ಲಿ ಸ್ಥಾಪಿಸಿದ ಸೆರ್ವಾಂತೆಸ್ ಸಂಸ್ಥೆಯು ಭಾಷಾ ಶಾಲೆಗಳನ್ನು ತಪಾಸಣೆ ಮಾಡಿ ಮಾನ್ಯತೆ ನೀಡುತ್ತದೆ. ಆ ಮಾನ್ಯತೆ ಪಡೆದ ಕೇಂದ್ರಗಳ ಪಟ್ಟಿ ಸಂಸ್ಥೆಯ ಜಾಲತಾಣದಲ್ಲಿದೆ. ಶಾಲೆ ತನ್ನ ಪುಟದಲ್ಲಿ ಹಾಕಿಕೊಂಡ ಲಾಂಛನವನ್ನಷ್ಟೇ ನಂಬದೆ ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿ. ನಂತರ ಶಾಲೆಗೆ ಪತ್ರ ಬರೆದು ಕೆಲವು ಪ್ರಶ್ನೆಗಳನ್ನು ಕೇಳಿ. ಒಂದು ತರಗತಿಯಲ್ಲಿ ಗರಿಷ್ಠ ಎಷ್ಟು ಜನ? ನೀವು ಹೋಗುವ ತಿಂಗಳಲ್ಲಿ ನಿಮ್ಮ ಮಟ್ಟದ ತರಗತಿ ನಿಜವಾಗಿ ನಡೆಯುತ್ತದೆಯೇ? ಆ ಮಟ್ಟಕ್ಕೆ ನೀವೊಬ್ಬರೇ ಇದ್ದರೆ ಗಂಟೆಗಳನ್ನು ಕಡಿತ ಮಾಡುತ್ತಾರೆಯೇ? ಸಂಪೂರ್ಣ ಹೊಸಬರಿಗೆ ಪ್ರವೇಶ ಪ್ರತಿ ಸೋಮವಾರವೋ, ತಿಂಗಳಲ್ಲಿ ಒಂದೇ ದಿನವೋ?

ಇಲ್ಲಿ ಹಲವರು ಎಡವುವ ಒಂದು ಕಲ್ಲಿದೆ. ವಾರಕ್ಕೆ '20 ಪಾಠ' ಎಂದು ಬರೆದಿರುವುದು '20 ಗಂಟೆ' ಅಲ್ಲದಿರಬಹುದು. ಒಂದು ಪಾಠ 45 ನಿಮಿಷದ್ದಾದರೆ 20 ಪಾಠಕ್ಕೆ 15 ಗಂಟೆ. 50 ನಿಮಿಷದ್ದಾದರೆ 16 ಗಂಟೆ 40 ನಿಮಿಷ. ಎರಡು ಶಾಲೆಗಳ ಶುಲ್ಕವನ್ನು ಹೋಲಿಸುವ ಮೊದಲು ಎರಡನ್ನೂ ಗಂಟೆಗಳಿಗೆ ಇಳಿಸಿಕೊಳ್ಳಿ. ರಜಾದಿನಗಳ ಪಾಠವನ್ನು ಬೇರೆ ದಿನ ತುಂಬಿಕೊಡುತ್ತಾರೆಯೇ ಎಂಬುದನ್ನೂ, ವೀಸಾ ನಿರಾಕರಣೆಯಾದರೆ ಶುಲ್ಕದಲ್ಲಿ ಎಷ್ಟು ಮರಳಿಸುತ್ತಾರೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ಕೊಟ್ಟ ಭರವಸೆಗೆ ದಾಖಲೆ ಇರುವುದಿಲ್ಲ.

ನೀವು ಕಾಲೇಜು ವಿದ್ಯಾರ್ಥಿಯಾಗಿದ್ದು ಈ ಓದಿಗೆ ಕ್ರೆಡಿಟ್ ಬೇಕೆಂದಿದ್ದರೆ ನಿಮ್ಮ ವಿಭಾಗದ ಒಪ್ಪಿಗೆಯನ್ನು ಹೊರಡುವ ಮೊದಲೇ ಲಿಖಿತವಾಗಿ ಪಡೆಯಬೇಕು. ಸ್ಪೇನಿನ ವಿಶ್ವವಿದ್ಯಾಲಯಗಳು ಯುರೋಪಿನ ಕ್ರೆಡಿಟ್ ಪದ್ಧತಿಯನ್ನು ಅನುಸರಿಸುತ್ತವೆ; ಅದರಲ್ಲಿ ಒಂದು ಕ್ರೆಡಿಟ್ ಎಂದರೆ ತರಗತಿ, ಸ್ವಂತ ಓದು ಎಲ್ಲ ಸೇರಿ 25ರಿಂದ 30 ಗಂಟೆಗಳ ಕೆಲಸ. ಖಾಸಗಿ ಭಾಷಾ ಶಾಲೆಯ ಪ್ರಮಾಣಪತ್ರವನ್ನು ಎಲ್ಲರೂ ಕ್ರೆಡಿಟ್ ಎಂದು ಒಪ್ಪುವುದಿಲ್ಲ.

ಹಂತ 4: ವೀಸಾ ಮತ್ತು ಕಾಗದಪತ್ರ

ಸ್ಪೇನಿಗೆ ಹೋಗುವವರು ಮೊದಲು ಮೂರು ಅವಧಿಗಳ ಭೇದವನ್ನು ತಿಳಿಯಬೇಕು. 90 ದಿನಗಳೊಳಗಿನ ಕೋರ್ಸಿಗೆ, ವೀಸಾ ಅಗತ್ಯವಿರುವ ದೇಶಗಳವರಿಗೆ, ಅಲ್ಪಾವಧಿಯ ಷೆಂಗೆನ್ ವೀಸಾ ಸಾಕು. ಷೆಂಗೆನ್ ಎಂದರೆ ಒಳಗಿನ ಗಡಿ ತಪಾಸಣೆಯನ್ನು ಕೈಬಿಟ್ಟ ಯುರೋಪಿನ ದೇಶಗಳ ಕೂಟ. ಅದರ ಯಾವ ದೇಶದಲ್ಲಿ ಕಳೆದ ದಿನವೂ ಒಂದೇ ಲೆಕ್ಕಕ್ಕೆ ಸೇರುತ್ತದೆ, ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮೀರುವಂತಿಲ್ಲ. ಕೋರ್ಸಿಗೆ ಮುಂಚೆ ಪ್ಯಾರಿಸ್ ನೋಡಿಬರುವ ಹತ್ತು ದಿನವೂ ಇದರಲ್ಲೇ ಕಳೆಯುತ್ತದೆ. ಈ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ನೀಡಿದ್ದಾಗಿದ್ದು, ಹಿಂತಿರುಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಸಲ್ಲಿಸಬಹುದು, 15 ದಿನಕ್ಕಿಂತ ತಡವಾಗಿ ಸಲ್ಲಿಸುವಂತಿಲ್ಲ.

90 ದಿನ ಮೀರಿದ ಓದಿಗೆ ಸ್ಪೇನಿನ ರಾಷ್ಟ್ರೀಯ ವಿದ್ಯಾರ್ಥಿ ವೀಸಾ ಬೇಕು. ಜೀವನೋಪಾಯಕ್ಕೆ ಹಣವಿದೆ ಎಂದು ತೋರಿಸುವಾಗ ಅವರು 'ಇಪ್ರೆಮ್' ಎಂಬ ಸರ್ಕಾರಿ ಆದಾಯ ಸೂಚ್ಯಂಕವನ್ನು ಅಳತೆಯಾಗಿ ಬಳಸುತ್ತಾರೆ. 2023ರಲ್ಲಿ ಅದನ್ನು ತಿಂಗಳಿಗೆ 600 ಯೂರೋ ಎಂದು ನಿಗದಿ ಮಾಡಲಾಯಿತು, ಅರ್ಜಿದಾರರು ಇರಲಿರುವ ಪ್ರತಿ ತಿಂಗಳಿಗೂ ಅಷ್ಟು ತೋರಿಸಬೇಕು. ಇದು ಕನಿಷ್ಠ ಮೊತ್ತವೆಂಬುದನ್ನು ಮರೆಯಬೇಡಿ. ಮ್ಯಾಡ್ರಿಡ್ ಅಥವಾ ಬಾರ್ಸಿಲೋನಾದ ಕೋಣೆಯ ಬಾಡಿಗೆಯೇ ಅದರ ದೊಡ್ಡ ಪಾಲನ್ನು ನುಂಗುತ್ತದೆ. 180 ದಿನ ಮೀರುವುದಾದರೆ ಪೊಲೀಸ್ ನಡತೆ ಪತ್ರ ಮತ್ತು ವೈದ್ಯಕೀಯ ಪ್ರಮಾಣಪತ್ರವೂ ಸೇರಿಕೊಳ್ಳುತ್ತವೆ. ಅಲ್ಲದೆ, ಸ್ಪೇನ್ ತಲುಪಿದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಅದಕ್ಕೆ 'ಸೀತಾ ಪ್ರೆವಿಯಾ' ಎಂಬ ಮುಂಗಡ ಸಮಯ ಕಾದಿರಿಸಬೇಕು. ದೊಡ್ಡ ನಗರಗಳಲ್ಲಿ ಇದು ಸಿಗುವುದೇ ದುರ್ಲಭ, ಆದ್ದರಿಂದ ತಲುಪಿದ ದಿನದಿಂದಲೇ ಪ್ರಯತ್ನ ಆರಂಭಿಸಿ. ವಾಸದ ವಿಳಾಸವನ್ನು ನಗರಸಭೆಯಲ್ಲಿ ನೋಂದಾಯಿಸುವ 'ಎಂಪದ್ರೊನಮಿಯೆಂತೊ' ಎಂಬ ಕ್ರಮವೂ ಇದೆ. ಬಾಡಿಗೆ ಮಾತನಾಡುವಾಗಲೇ ಮನೆಯ ಯಜಮಾನರು ಇದಕ್ಕೆ ಒಪ್ಪುತ್ತಾರೆಯೇ ಎಂದು ಕೇಳಿ.

ಕಾಗದಪತ್ರಗಳಲ್ಲಿ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ಅಪೊಸ್ಟಿಲ್ ಎಂದರೆ ಒಂದು ದೇಶದ ಸರ್ಕಾರಿ ದಾಖಲೆ ನೈಜವೆಂದು ಇನ್ನೊಂದು ದೇಶ ಒಪ್ಪಲು 1961ರ ಹೇಗ್ ಒಪ್ಪಂದದ ಪ್ರಕಾರ ಹಾಕುವ ಮುದ್ರೆ. ಪ್ರಮಾಣಿತ ಅನುವಾದ ಎಂದರೆ ಸ್ಪೇನಿನ ವಿದೇಶಾಂಗ ಸಚಿವಾಲಯ ಅಧಿಕಾರ ಕೊಟ್ಟ ಅನುವಾದಕರು ಮಾಡಿದ್ದು. ಸ್ಪ್ಯಾನಿಷ್ ಬಲ್ಲ ಸ್ನೇಹಿತರು ಮಾಡಿಕೊಟ್ಟದ್ದು ನಡೆಯುವುದಿಲ್ಲ. ಕ್ರಮ ತಪ್ಪಿದರೆ ಹಣ ಎರಡು ಸಲ ಹೋಗುತ್ತದೆ: ಮೊದಲು ಅಪೊಸ್ಟಿಲ್, ಆಮೇಲೆ ಅನುವಾದ, ಏಕೆಂದರೆ ಆ ಮುದ್ರೆಯ ಬರಹವೂ ಅನುವಾದವಾಗಬೇಕು. 2025ರ ಮೇ 20ರಂದು ಸ್ಪೇನಿನಲ್ಲಿ ವಿದೇಶಿಯರ ಹೊಸ ನಿಯಮಾವಳಿ ಜಾರಿಗೆ ಬಂದು ವಿದ್ಯಾರ್ಥಿಗಳ ಷರತ್ತುಗಳೂ ಬದಲಾಗಿವೆ. ಅದಕ್ಕಿಂತ ಹಿಂದೆ ಹೋಗಿಬಂದವರ ಅನುಭವವನ್ನು ಗೌರವದಿಂದ ಕೇಳಿ, ನಿಯಮವನ್ನು ಮಾತ್ರ ದೂತಾವಾಸದ ಪುಟದಲ್ಲೇ ಓದಿ.

ಲ್ಯಾಟಿನ್ ಅಮೆರಿಕದ ನಿಯಮಗಳು ಸಡಿಲವೆಂದು ತೋರಿದರೂ ಅವುಗಳಲ್ಲಿ ಗುಂಡಿಗಳಿವೆ. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ ಸೇರಿ ಒಟ್ಟು 90 ದಿನಗಳ ಒಂದೇ ಲೆಕ್ಕ. ಪಕ್ಕದ ಎಲ್ ಸಾಲ್ವಡಾರ್‌ಗೆ ಹೋಗಿ ಬಂದರೆ ದಿನಗಳು ಹೊಸದಾಗಿ ಶುರುವಾಗುವುದಿಲ್ಲ. ಮೆಕ್ಸಿಕೊ ಸಂದರ್ಶಕರಿಗೆ 180 ದಿನಗಳವರೆಗೆ ಅವಕಾಶ ಕೊಡುತ್ತದೆ, ಆದರೆ ಎಷ್ಟು ದಿನ ಎಂದು ನಿರ್ಧರಿಸುವುದು ಗಡಿಯ ಅಧಿಕಾರಿ. ಕೋರ್ಸಿನ ಪತ್ರ ತೋರಿಸಿ, ಅವರು ಬರೆದ ಅಂಕಿಯನ್ನು ಅಲ್ಲೇ ನಿಂತು ಓದಿ. ಅಗ್ಗದ ವಿಮಾನದ ಆಸೆಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಮೂಲಕ ಹಾದು ಹೋಗುವ ಟಿಕೆಟ್ ಕೊಳ್ಳುವ ಮೊದಲು ಯೋಚಿಸಿ: ಆ ದೇಶಕ್ಕೆ ವೀಸಾ ಬೇಕಾದವರಿಗೆ ಅಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು.

ಹಂತ 5: ವಸತಿ

ಮೊದಲ ಸಲ ಹೋಗುವವರು ಮೊದಲ ನಾಲ್ಕು ವಾರವನ್ನಾದರೂ ಸ್ಥಳೀಯ ಕುಟುಂಬದ ಜೊತೆ ಕಳೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವಿದ್ಯಾರ್ಥಿ ನಿಲಯದಲ್ಲಿ ಸ್ವಾತಂತ್ರ್ಯ ಹೆಚ್ಚು, ಸ್ಪ್ಯಾನಿಷ್ ಕಡಿಮೆ. ಆದರೆ 'ಕುಟುಂಬ' ಎಂಬ ಪದಕ್ಕೂ ಹಲವು ಅರ್ಥಗಳಿವೆ: ಕೆಲವು ಮನೆಗಳಲ್ಲಿ ಒಂದೇ ಸಲ ನಾಲ್ಕೈದು ವಿದೇಶಿ ವಿದ್ಯಾರ್ಥಿಗಳಿದ್ದು, ಊಟದ ಮೇಜಿನಲ್ಲಿ ಅವರವರೇ ಇಂಗ್ಲಿಷಿನಲ್ಲಿ ಮಾತನಾಡುತ್ತಾ ಮನೆಯವರು ಅಡುಗೆಮನೆಯಲ್ಲಿ ಉಳಿಯುವುದುಂಟು. ಮನೆಯಲ್ಲಿ ಇನ್ನೆಷ್ಟು ವಿದ್ಯಾರ್ಥಿಗಳಿರುತ್ತಾರೆ, ಮನೆಯವರು ಜೊತೆಗೆ ಕುಳಿತು ಉಣ್ಣುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಶಾಲೆಗೆ ಕೇಳದೆ ಮುಂಗಡ ಕೊಡಬೇಡಿ. 'ಮೆದಿಯಾ ಪೆನ್ಸಿಯೊನ್' ಎಂದರೆ ಬೆಳಗಿನ ತಿಂಡಿ ಮತ್ತು ಒಂದು ಊಟ, 'ಪೆನ್ಸಿಯೊನ್ ಕೊಂಪ್ಲೆತಾ' ಎಂದರೆ ಮೂರೂ ಹೊತ್ತು.

ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಎರಡರಿಂದ ಮೂರೂವರೆಯೊಳಗೆ, ರಾತ್ರಿಯದು ಒಂಬತ್ತರ ಮೇಲೆ. ಸಸ್ಯಾಹಾರಿಗಳು 'ನಾನು ಸಸ್ಯಾಹಾರಿ' ಎಂದಷ್ಟೇ ಹೇಳಿ ನಿಲ್ಲಿಸಿದರೆ ತಟ್ಟೆಯಲ್ಲಿ ಮೀನೋ, ಹಂದಿಮಾಂಸದ ತೆಳು ಚೂರುಗಳೋ ಕಾಣಿಸಬಹುದು, ಏಕೆಂದರೆ 'ಕಾರ್ನೆ' ಎಂಬ ಪದದೊಳಗೆ ಹಲವರು ಇವನ್ನು ಸೇರಿಸುವುದಿಲ್ಲ. 'ನೊ ಕೊಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ, ನಿ ಹಮೋನ್' ಎಂದು ಮಾಂಸ, ಕೋಳಿ, ಮೀನು, ಹಂದಿಮಾಂಸ ನಾಲ್ಕನ್ನೂ ಹೆಸರಿಸಿ ಹೇಳಿ. ಇದನ್ನೇ ಶಾಲೆಯ ಅರ್ಜಿಯಲ್ಲೂ ಬರೆಯಿರಿ. ಮನೆ ಹೊಂದಿಕೆಯಾಗದಿದ್ದರೆ ಮೂರು ನಾಲ್ಕು ದಿನದೊಳಗೆ ಶಾಲೆಗೆ ತಿಳಿಸಿ. ಸಹಿಸಿಕೊಂಡು ಕೊನೆಯ ವಾರ ದೂರು ಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲ.

ಹಂತ 6: ಹಣ, ಫೋನ್, ಸುರಕ್ಷತೆ

ಬ್ಯಾಂಕಿನ ಒಟಿಪಿ ನಿಮ್ಮ ಸ್ವಂತ ದೇಶದ ಸಂಖ್ಯೆಗೇ ಬರುತ್ತದೆ. ಆ ಸಿಮ್ ಅನ್ನು ರೋಮಿಂಗ್ ಸಮೇತ ಜೀವಂತವಾಗಿಟ್ಟು, ಸ್ಥಳೀಯ ಡೇಟಾಕ್ಕೆ ಇ-ಸಿಮ್ ಅಥವಾ ಎರಡನೆಯ ಸಿಮ್ ಬಳಸಿ. ಎರಡು ಬೇರೆ ಬ್ಯಾಂಕುಗಳ ಕಾರ್ಡುಗಳನ್ನು ಎರಡು ಬೇರೆ ಚೀಲಗಳಲ್ಲಿಡಿ. ಎಟಿಎಂ ಪರದೆಯು ಮೊತ್ತವನ್ನು ನಿಮ್ಮ ದೇಶದ ಹಣಕ್ಕೆ ಪರಿವರ್ತಿಸಬೇಕೇ ಎಂದು ಕೇಳಿದರೆ ಬೇಡವೆನ್ನಿ. ಆ ದರ ಸಾಮಾನ್ಯವಾಗಿ ನಿಮಗೆ ನಷ್ಟದ್ದೇ. ಸ್ಪೇನಿನಲ್ಲಿ ವಿದ್ಯುತ್ 230 ವೋಲ್ಟ್, ಮೆಕ್ಸಿಕೊ ಮತ್ತು ಗ್ವಾಟೆಮಾಲಾಗಳಲ್ಲಿ 120ರ ಆಸುಪಾಸು ಮತ್ತು ಚಪ್ಪಟೆ ಕಡ್ಡಿಗಳ ಪ್ಲಗ್. ಬಾರ್ಸಿಲೋನಾ, ಮ್ಯಾಡ್ರಿಡ್‌ಗಳ ಮೆಟ್ರೊದಲ್ಲಿ ಜೇಬುಗಳ್ಳರಿದ್ದಾರೆ. ಸ್ಪೇನಿನ ತುರ್ತು ಸಂಖ್ಯೆ 112, ಮೆಕ್ಸಿಕೊದಲ್ಲಿ 911. ಗ್ವಾಟೆಮಾಲಾದಲ್ಲಿ ನಲ್ಲಿಯ ನೀರು ಕುಡಿಯಬೇಡಿ.

ಹಂತ 7: ಮೊದಲ ವಾರ

ಮೊದಲ ದಿನ ಮಟ್ಟ ನಿರ್ಣಯದ ಪರೀಕ್ಷೆ ಇರುತ್ತದೆ. ಅದಕ್ಕೆ ಹಿಂದಿನ ರಾತ್ರಿ ಓದಿಕೊಂಡು ಹೋಗಿ ಇಲ್ಲದ ಮಟ್ಟವನ್ನು ತೋರಿಸಬೇಡಿ. ವ್ಯಾಕರಣವನ್ನು ಪುಸ್ತಕದಿಂದ ಕಲಿತವರು ಬರಹದಲ್ಲಿ ಬಿ1 ಗಳಿಸಿ ಮಾತಿನಲ್ಲಿ ಎ1ರಲ್ಲೇ ಇರುವುದು ತೀರ ಸಾಮಾನ್ಯ. ಅಂಥವರು ಮಾತಿನ ಮಟ್ಟದ ತರಗತಿಯನ್ನು ಕೇಳಿಕೊಳ್ಳುವುದು ಮೇಲು. ತರಗತಿ ಹೊಂದದಿದ್ದರೆ ಬುಧವಾರದೊಳಗೆ ಹೇಳಿ.

ಈ ವಾರ ಐದು ವಾಕ್ಯಗಳು ನಾಲಿಗೆಯ ತುದಿಯಲ್ಲಿರಲಿ. 'ಮಾಸ್ ದೆಸ್ಪಾಸಿಯೊ, ಪೊರ್ ಫವೋರ್', ಇನ್ನೂ ನಿಧಾನವಾಗಿ ಹೇಳಿ. 'ಕೊಮೊ ಸೆ ದೀಸೆ', ಇದಕ್ಕೆ ಏನನ್ನುತ್ತಾರೆ. 'ಕೆ ಸಿಗ್ನಿಫಿಕಾ', ಇದರ ಅರ್ಥವೇನು. 'ಪ್ವೆದೆ ರೆಪೆತೀರ್', ಇನ್ನೊಮ್ಮೆ ಹೇಳುವಿರಾ. ಐದನೆಯದೇ ಎಲ್ಲಕ್ಕಿಂತ ಮುಖ್ಯ: ನಿಮ್ಮ ತಡವರಿಕೆ ಕಂಡು ಅಂಗಡಿಯವರು ಕರುಣೆಯಿಂದ ಇಂಗ್ಲಿಷಿಗೆ ಹೊರಳಿದಾಗ, 'ಎನ್ ಎಸ್ಪಾನ್ಯೊಲ್, ಪೊರ್ ಫವೋರ್, ಎಸ್ತೊಯ್ ಅಪ್ರೆಂದಿಯೆಂದೊ', ಅಂದರೆ 'ದಯವಿಟ್ಟು ಸ್ಪ್ಯಾನಿಷಿನಲ್ಲೇ, ನಾನು ಕಲಿಯುತ್ತಿದ್ದೇನೆ'.

ಹಂತ 8: ತರಗತಿಯ ಹೊರಗಿನ ಹೊತ್ತು

ಸಹಪಾಠಿಗಳೇ ಅತಿ ದೊಡ್ಡ ಅಪಾಯ. ಅವರೂ ನಿಮ್ಮಂತೆಯೇ ಒಂಟಿತನದಲ್ಲಿರುತ್ತಾರೆ, ಮೂರನೆಯ ದಿನಕ್ಕೆ ಗುಂಪು ಕಟ್ಟುತ್ತದೆ, ಗುಂಪಿನ ಭಾಷೆ ಇಂಗ್ಲಿಷ್ ಆಗುತ್ತದೆ. ನಿಮ್ಮ ನಾಡಿನವರು ಸಿಕ್ಕಿಬಿಟ್ಟರಂತೂ ಇನ್ನೂ ಕಷ್ಟ. ಅವರನ್ನು ದೂರವಿಡಿ ಎನ್ನುವುದಿಲ್ಲ. ಶಾಲೆಯ ಬಾಗಿಲಿನಿಂದ ಊಟದವರೆಗೆ ಸ್ಪ್ಯಾನಿಷ್ ಮಾತ್ರ ಎಂಬ ಒಪ್ಪಂದವನ್ನು ಒಬ್ಬಿಬ್ಬರ ಜೊತೆಗಾದರೂ ಮೊದಲ ವಾರವೇ ಮಾಡಿಕೊಳ್ಳಿ. ಎರಡನೆಯ ವಾರ ಅದನ್ನು ಪ್ರಸ್ತಾಪಿಸಿದರೆ ಯಾರೂ ಕೇಳುವುದಿಲ್ಲ.

ಪ್ರತಿ ವಾರ ಅದೇ ಜನ ಸಿಗುವ ಜಾಗವೊಂದನ್ನು ಹುಡುಕಿಕೊಳ್ಳುವುದು ಅತ್ಯಂತ ಫಲ ಕೊಡುವ ಉಪಾಯ: ಊರಿನವರು ಬರುವ ಅಡುಗೆಯ ತರಗತಿ, ನೃತ್ಯ ಶಾಲೆ, ಗಾಯನ ತಂಡ, ಓಟದ ಗುಂಪು. ಪ್ರವಾಸಿಗರಿಗಾಗಿ ನಡೆಸುವಂಥದ್ದು ಬೇಡ. 'ಇಂತೆರ್‌ಕಾಂಬಿಯೊ' ಎಂಬ ಭಾಷಾ ವಿನಿಮಯವೂ ಒಳ್ಳೆಯದೇ; ಅರ್ಧ ಗಂಟೆ ನಿಮ್ಮ ಭಾಷೆ, ಅರ್ಧ ಗಂಟೆ ಅವರದು. ಬಾರುಗಳಲ್ಲಿ ನಡೆಯುವ ದೊಡ್ಡ ಗುಂಪಿನ ವಿನಿಮಯ ಸಂಜೆಗಳು ಹೆಚ್ಚಾಗಿ ಇಂಗ್ಲಿಷಿನ ಕಡೆಗೇ ಜಾರುತ್ತವೆ; ಇಬ್ಬರೇ ಕುಳಿತು ಗಡಿಯಾರ ನೋಡಿ ಭಾಷೆ ಬದಲಿಸುವ ಪದ್ಧತಿ ಮೇಲು. ಫೋನಿನ ಭಾಷೆಯನ್ನೂ, ನಕ್ಷೆಯ ಧ್ವನಿಯನ್ನೂ ಸ್ಪ್ಯಾನಿಷಿಗೆ ಬದಲಿಸಿ. ಮನೆಗೆ ಕರೆ ಮಾಡುವುದಕ್ಕೆ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ, ದಿನವಿಡೀ ಸಂದೇಶಗಳಲ್ಲಿ ಅಲ್ಲೇ ಬದುಕುತ್ತಿದ್ದರೆ ಇಲ್ಲಿಗೆ ಬಂದಂತಾಗುವುದಿಲ್ಲ.

ಎರಡನೆಯ ಅಥವಾ ಮೂರನೆಯ ವಾರ ಒಂದು ದಣಿವು ಬರುತ್ತದೆ. ಸಂಜೆಯ ಹೊತ್ತಿಗೆ ಗೊತ್ತಿದ್ದ ಪದವೂ ನೆನಪಾಗುವುದಿಲ್ಲ, ಹೋದ ವಾರಕ್ಕಿಂತ ಹಿಂದೆ ಸರಿದಂತೆ ಭಾಸವಾಗುತ್ತದೆ. ದಿನವಿಡೀ ಎಚ್ಚರದಿಂದ ಕೇಳಿದ ಮಿದುಳಿನ ಆಯಾಸ ಅದು. ಆಗ ಒಂದು ಸಂಜೆ ಕನ್ನಡದ ಪುಸ್ತಕವನ್ನೋ ಹಾಡನ್ನೋ ಹಿಡಿದು ಬೇಗ ಮಲಗಿ. ಎರಡನೆಯ ಸಂಜೆಯೂ ಹಾಗೆಯೇ ಕಳೆಯಬೇಡಿ. ಬರಹಕ್ಕೆ ಪ್ರತಿದಿನ ಹತ್ತು ಸಾಲಿನ ದಿನಚರಿ ಸಾಕು, ಅದನ್ನು ಶಿಕ್ಷಕರಿಂದ ತಿದ್ದಿಸಿಕೊಳ್ಳಿ.

ಹಂತ 9: ಪರೀಕ್ಷೆ ಮತ್ತು ಕೊನೆಯ ವಾರ

ಪ್ರಮಾಣಪತ್ರ ಬೇಕಾದವರಿಗೆ ಎರಡು ದಾರಿಗಳಿವೆ. 'ದೆಲೆ' ಎಂಬುದನ್ನು ಸ್ಪೇನ್ ಸರ್ಕಾರದ ಪರವಾಗಿ ಸೆರ್ವಾಂತೆಸ್ ಸಂಸ್ಥೆ ಕೊಡುತ್ತದೆ. ಒಂದು ನಿರ್ದಿಷ್ಟ ಮಟ್ಟವನ್ನು ಆರಿಸಿ ಬರೆಯಬೇಕು, ತೇರ್ಗಡೆ ಅಥವಾ ಅನುತ್ತೀರ್ಣ ಎಂದಷ್ಟೇ ಫಲಿತಾಂಶ, ಪ್ರಮಾಣಪತ್ರಕ್ಕೆ ಕಾಲಮಿತಿ ಇಲ್ಲ. ಇದಕ್ಕೆ ನಿಗದಿತ ದಿನಾಂಕಗಳಿವೆ, ನೋಂದಣಿ ವಾರಗಳ ಮೊದಲೇ ಮುಚ್ಚುತ್ತದೆ, ಫಲಿತಾಂಶಕ್ಕೆ ಎರಡು ಮೂರು ತಿಂಗಳು ಕಾಯಬೇಕು. 'ಸಿಯೆಲೆ' 2016ರಲ್ಲಿ ಬಂದದ್ದು. ಸೆರ್ವಾಂತೆಸ್ ಸಂಸ್ಥೆಯ ಜೊತೆ ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯ, ಸಾಲಮಾಂಕಾ ಮತ್ತು ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯಗಳು ನಡೆಸುತ್ತವೆ. ಇದು ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಅಂಕಗಳ ಮೇಲೆ ಮಟ್ಟ ಹೇಳುತ್ತದೆ, ಫಲಿತಾಂಶ ಕೆಲವೇ ವಾರಗಳಲ್ಲಿ ಬರುತ್ತದೆ, ಐದು ವರ್ಷ ಮಾನ್ಯ. ಪ್ರವೇಶ ಅರ್ಜಿಯ ಕೊನೆಯ ದಿನ ಹತ್ತಿರವಿದ್ದರೆ ಎರಡನೆಯದೇ ಗತಿ. ನೀವು ಅರ್ಜಿ ಹಾಕುವ ಸಂಸ್ಥೆ ಯಾವುದನ್ನು ಒಪ್ಪುತ್ತದೆ ಎಂದು ಮೊದಲೇ ಕೇಳಿ.

ಹೊರಡುವ ಮೊದಲು ಶಾಲೆಯಿಂದ ಹಾಜರಾತಿ, ಒಟ್ಟು ಗಂಟೆ, ಮುಗಿಸಿದ ಮಟ್ಟ ಮತ್ತು ಪಠ್ಯಕ್ರಮ ನಮೂದಿಸಿದ ಪತ್ರವನ್ನು ಸಹಿ ಮೊಹರು ಸಮೇತ ಪಡೆಯಿರಿ. ಊರಿಗೆ ಬಂದ ಮೇಲೆ ಮಿಂಚಂಚೆಯಲ್ಲಿ ತರಿಸಿಕೊಳ್ಳುವುದು ತಿಂಗಳುಗಟ್ಟಲೆ ಎಳೆಯಬಹುದು. ಕೋಣೆಯ ಠೇವಣಿಯನ್ನು ಬೀಗದ ಕೈ ಕೊಡುವಾಗಲೇ ಕೇಳಿ. ಭಾಷಾ ವಿನಿಮಯದ ಜೊತೆಗಾರರ ಸಂಗಡ ವಾರದ ಕರೆಗೆ ದಿನ, ಗಂಟೆ ಎರಡನ್ನೂ ಅಲ್ಲಿರುವಾಗಲೇ ಗೊತ್ತುಮಾಡಿ, ಮೊದಲ ಕರೆಯನ್ನು ನೀವು ಮನೆ ತಲುಪಿದ ವಾರಕ್ಕೇ ಇಟ್ಟುಕೊಳ್ಳಿ.